ಬೀಡಿ ಮುಗಿಯುವುದರೊಳಗೆ

೧೨ ಜನವರಿ ೧೯೪೪, ಬುಧವಾರ. ಮಂಡ್ಯ

ಬೆಳಿಗ್ಗೆ ಕಿರುಗಾವಲಿಗೆ ಹೊರಟದ್ದು. ಹೆಣ್ಣುಮಕ್ಕಳ ಶಾಲೆಗಳ ಇನ್‌ಸ್ಪೆಕ್ಷನ್, ಮಳವಳ್ಳಿ ತಾಲ್ಲೂಕು ಇಡೀ ಬಾಕಿ. ಊರು ದಾಟುವ ಮೊದಲೇ ಡ್ರೈವರ್ ಚಿಕ್ಕಬೋರಯ್ಯ ಕಾರು ನಿಲ್ಲಿಸಿದ. ಎಂಜಿನ್ ಆಯಿಲ್ ಕಪ್ಪಾಗಿ ಇದ್ದಿಲಾಗಿದೆಯಂತೆ, ಬದಲಿಸಬೇಕಂತೆ.

"ಮದ್ದೂರಿನ ಗೌಸ್ ಪೀರ್ ಸಾಬ್ರ ತಾವ ಬುಟ್ರೆ ಚೆಂದಾಗಿ ಮಾಡ್ಕೊಡ್ತಾರೆ ಕಣವ್ವ. ಒಂದಿನ ಆಯ್ತದೆ."

ಒಂದು ದಿನ ನನ್ನಲ್ಲಿಲ್ಲ. ಇಲ್ಲೇ ಎಲ್ಲಾದರೂ ಮಾಡಿಸು ಅಂದೆ.

ಮೈಸೂರು ರಸ್ತೆಯಲ್ಲಿ ಸಿದ್ದರಾಜು ಅನ್ನುವವನ ಗ್ಯಾರೇಜ್. ಯುದ್ಧ ಶುರುವಾದ ಮೇಲೆ ಎದ್ದದ್ದು. ತಗಡಿನ ಬೋರ್ಡು: "ಬೀಡಿ ಮುಗಿಯುವುದರೊಳಗೆ ಎಣ್ಣೆ ಬದಲಿ." ಬರೀ ಮಾತಲ್ಲ. ನಿಜವಾಗಿಯೂ ಚಿಕ್ಕಬೋರಯ್ಯನ ಕೈಗೆ ಬೀಡಿ ಕೊಟ್ಟು, ದೂರದ ಕಲ್ಲಿನ ಮೇಲೆ ಕೂರಿಸಿ, "ಸೇದ್ಲಾ ನೀನು, ಇತ್ತಗೆ ತಿರುಗಿ ನೋಡೋದ್ರೊಳಗೆ ಆಗೋಯ್ತದೆ" ಅಂದ. ನಾನು ಹಿಂದಿನ ಸೀಟಿನಲ್ಲೇ ಕೂತು ಓದುತ್ತಿದ್ದೆ. ಹಳಗನ್ನಡದ ಒಂದು ವಿರಹದ ಪದ್ಯ. ಎಲ್ಲಿಂದಲೋ ಹರಳೆಣ್ಣೆಯ ವಾಸನೆ... ಶನಿವಾರದ ಎಣ್ಣೆನೀರು, ಹಂಡೆಯ ಹೊಗೆ, ನೆತ್ತಿ ತಟ್ಟುವ ಅಮ್ಮನ ಅಂಗೈ. ಎರಡು ಸಾಲು ಹೊಳೆದವು. ಬರೆದುಕೊಳ್ಳುವ ಮೊದಲೇ ಕಾರು ಹೊರಟಿತು. ಮರೆತುಹೋದವು.

೨೦ ಜನವರಿ, ಗುರುವಾರ

ಬಂಡೂರಿಗೆ ಇನ್ನೇನು ತಲುಪಬೇಕು— ಎಂಜಿನ್ ಒಂದು ಸಲ ಕಿರುಚಿ ಸೆಟೆದು ನಿಂತಿತು. ಚಿಕ್ಕಬೋರಯ್ಯ ಹ್ಯಾಂಡಲ್ ಹಾಕಿ ತಿರುಗಿಸಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಸುತ್ತ ಕುರಿಮಂದೆ. ಕುರಿಯವನು ಕೋಲೂರಿ ನಿಂತು ನೋಡಿದ.

"ಸತ್ತೋಯ್ತಾ ಅವ್ವಾ? ನಮ್ ಕುರಿ ಸತ್ರೆ ತಿನ್ನಾಕಾದ್ರೂ ಆಯ್ತದೆ."

ಎತ್ತು ಕಟ್ಟಿ ಮಳವಳ್ಳಿಗೆ, ಅಲ್ಲಿಂದ ಲಾರಿಯ ಹಿಂದೆ ಹಗ್ಗ ಬಿಗಿದು ಮದ್ದೂರಿಗೆ. ಗೌಸ್ ಪೀರ್ ಬಾನೆಟ್ ಎತ್ತಿಯೂ ನೋಡಲಿಲ್ಲ. ಮಿಲಿಟರಿ ಲಾರಿಗಳು ಸಾಲಾಗಿ ನಿಂತಿವೆ, ಮುಂದಿನ ತಿಂಗಳ ಕೊನೆಗೆ ಬಿಚ್ಚುತ್ತಾನಂತೆ.

೨೪ ಜನವರಿ, ಸೋಮವಾರ

ಸಿದ್ದರಾಜುವಿನ ಗ್ಯಾರೇಜಿಗೆ ಹೋದೆ. ಎಣ್ಣೆ ಬದಲಿಸಿದ ಮರುವಾರವೇ ಎಂಜಿನ್ ಹೋಗಿದೆ, ಏನು ಹೇಳುತ್ತೀಯ ಅಂದೆ. ಮೀಸೆ ಒರೆಸಿಕೊಂಡು ನಕ್ಕ.

"ನಾನ್ ಆಕಿದ್ದು ಡಬ್ಬ ಒಡ್ದು ಆಕಿದ ಒಸಾ ಆಯಿಲ್ ಅಮ್ಮಾವ್ರೇ. ವಾರ್ ಟೈಮು. ಆಯಿಲ್‌ಗೆ ಚಿನ್ನದ ರೇಟು. ನಿಮ್ ಡ್ರೈವರ್ ಅದ್ನ ಇಳ್ಸಿ ಬ್ಲಾಕ್‌ನಲ್ಲಿ ಮಾರ್ಕೊಂಡವ್ನೆ. ನನ್ನೇನ್ ಕೇಳ್ತೀರಿ?"

ಚಿಕ್ಕಬೋರಯ್ಯ ಪಕ್ಕದಲ್ಲೇ ನಿಂತಿದ್ದ. "ಲೇ, ನಾಲ್ಗೆ ಬಿಗಿ ಇಟ್ಕಂಡ್ ಮಾತಾಡ್ಲಾ" ಅಂದ. ಆಮೇಲೆ ನನ್ನ ಮುಖ ನೋಡಿದ. ನಾನು ಏನಾದರೂ ಹೇಳಲಿ ಎಂದು. ಕಾರು ಕೊಂಡಂದಿನಿಂದ ಜೊತೆಗಿರುವವನು. ಆದರೆ ಆಯಿಲ್‌ಗೆ ಚಿನ್ನದ ರೇಟು ಅನ್ನುವುದೂ ನಿಜ.

ಕೋರ್ಟಿಗೆ ಹೋಗುತ್ತೇನೆ ಅಂದೆ.

"ಕೋರ್ಟ್ ಯಾಕೆ? ಯಾವ ಕಾಲಕ್ಕೆ ಮುಗೀತದೆ ಅದು? ಮಾರಿಗುಡೀಗೆ ಬರ್ಲಿ. ನಾನೂ ದೀಪ ಆರಿಸ್ತೀನಿ, ಅವನೂ ಆರಿಸ್ಲಿ. ಒಂದೇ ಬೆಳಿಗ್ಗೆ, ಕೆಲ್ಸ ಪೈಸಲ್" ಅಂದ ಸಿದ್ದರಾಜು.

ಇಲ್ಲಿಯ ಪದ್ಧತಿ. ಮಾರಿಯ ಮುಂದೆ ಉರಿಯುವ ದೀಪ ಇಡುತ್ತಾರೆ. "ನಾನು ಸುಳ್ಳಾಡಿದ್ದರೆ ನನ್ನ ಮನೆಯ ದೀಪವೂ ಹೀಗೇ ಹೋಗಲಿ" ಎಂದು ಕುಡಿಯನ್ನು ಬೆರಳಲ್ಲಿ ಹಿಸುಕಬೇಕು. ಮನೆಯ ದೀಪ ಅಂದರೆ ಮಗು. ಸುಳ್ಳಾಗಿದ್ದರೆ ಮೂರು ಅಮಾವಾಸ್ಯೆಯೊಳಗೆ ಮಾರಿ ತೆಗೆದುಕೊಳ್ಳುತ್ತಾಳೆ. ಏನೂ ಆಗದಿದ್ದರೆ ಆಣೆ ನಿಜ. ಆಣೆಗೆ ಹಿಂಜರಿದವನ ಮಾತಂತೂ ಅಲ್ಲಿಗೇ ಮುಗಿಯಿತು.

ಎಂ.ಎ. ಮಾಡಿದವಳು ನಾನು. ನಗು ಬಂತು. ಆದರೂ ಒಪ್ಪಿದೆ. ಒಂದೇ ಬೆಳಿಗ್ಗೆ ಅಂದನಲ್ಲ.

೪ ಫೆಬ್ರವರಿ, ಶುಕ್ರವಾರ

ಆಯಿತು.

ಗುಡಿಯ ಯಜಮಾನ ಹುಚ್ಚೀರಯ್ಯ ದೀಪ ಹಚ್ಚಿದರು. ಅರ್ಧ ಊರು ಸೇರಿತ್ತು. ಸಿದ್ದರಾಜು ಒದ್ದೆ ಪಂಚೆಯಲ್ಲಿ ಬಂದ. ಆಣೆಯ ಮಾತು ಹೇಳಿದ, ಕುಡಿ ಹಿಸುಕಿದ, ಬೆರಳನ್ನು ಪಂಚೆಗೆ ಒರೆಸಿಕೊಂಡ. ಬಸ್ಸಿಗೆ ಹೊತ್ತಾದವನ ಹಾಗೆ.

ದೀಪವನ್ನು ಆತ್ಮಕ್ಕೆ ಹೋಲಿಸದ ಕವಿ ಇಲ್ಲ. ಆರಿಸಿದ ಬತ್ತಿಯ ಕಮಟು ವಾಸನೆಯ ಬಗ್ಗೆ ಒಬ್ಬನೂ ಬರೆದದ್ದು ನೆನಪಿಲ್ಲ.

ಮತ್ತೆ ಹಚ್ಚಿದರು. ಚಿಕ್ಕಬೋರಯ್ಯ ಮುಂದೆ ಬಂದ. ಕೈ ದೀಪದ ಹತ್ತಿರ ಹೋಯಿತು. ನಿಂತಿತು. ಹಿಂದೆ ಬಂತು.

"ಆಗಕಿಲ್ಲ ಕಣಪ್ಪ."

"ಯಾಕ್ಲಾ ಆಗಕಿಲ್ಲ?" ಹುಚ್ಚೀರಯ್ಯ.

"ಇನ್ನೇನಾರ ಏಳಿ, ಮಾಡ್ತೀನಿ. ಕೆಂಡ ಇಡ್ಕತೀನಿ. ಇದು ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿದ. "ಅಮ್ಮಾವ್ರು ಅಲ್ಲೇ ಕಾರಲ್ಲಿದ್ರು. ಅವ್ನು ಏನ್ ಉಯ್ದ ಅಂತ ಅವರ್ನೇ ಕೇಳಿ."

ಎಲ್ಲರೂ ನೋಡಿದರು. "ನಾನು ಓದುತ್ತಿದ್ದೆ. ನೋಡಲಿಲ್ಲ" ಅಂದೆ. ಸತ್ಯವನ್ನೇ ಹೇಳಿದ್ದು.

ಹಿಂದಿನಿಂದ ಯಾರೋ— "ಕಳ್ಳ ಕಣ್ಲಾ, ಕಳ್ಳ. ಕೈ ಇಂದಕ್ಕೆ ಎಳ್ಕಂಡ ನೋಡ್ದಾ?"

ಮನೆಗೆ ಬಂದು ಕೆಲಸ ಬಿಡಿಸಿದೆ. ಕೀ ತೆಗೆದುಕೊಂಡೆ. ಖಾಕಿ ಕೋಟೂ ಬಿಚ್ಚಿಸಿಕೊಂಡೆ, ನಾನೇ ಹೊಲಿಸಿಕೊಟ್ಟದ್ದು. ಗುಂಡಿ ಬಿಚ್ಚಲು ಬಹಳ ಹೊತ್ತು ಮಾಡಿದ. ಒಳಗೆ ಬನಿಯನ್ ಹರಿದಿತ್ತು. ನೋಡದಂತೆ ಇರುವುದೇ ಮರ್ಯಾದೆ ಎಂದು ಕಿಟಕಿಯ ಕಡೆ ತಿರುಗಿದೆ.

೭ ಫೆಬ್ರವರಿ, ಸೋಮವಾರ

ಅಡಿಗೆಯ ಮುದ್ದಮ್ಮ ಮೂರು ದಿನದಿಂದ ಪಾತ್ರೆ ಕುಕ್ಕುತ್ತಿದ್ದಳು. ಏನೆಂದು ಕೇಳಿದೆ.

"ಚಿಕ್ಕಬೋರನ ಎಂಡ್ರು ದೇವಿರಮ್ಮ ಬಸುರಿ ಕಣಮ್ಮ. ತುಂಬ್ಕಂಡವ್ಳೆ. ಬಸುರಿ ಗಂಡ ಸಾವಿಗೆ ಎಗ್ಲು ಕೊಡಕಿಲ್ಲ, ತೆಂಗಿನ್ಕಾಯೂ ಒಡೆಯಕಿಲ್ಲ. ದೀಪ ಆರಿಸ್ತಾನಾ? ನಿಜ ಇದ್ರೂ ಆರಿಸಕಿಲ್ಲ."

"ಅಲ್ಲೇ ಹೇಳಬಹುದಿತ್ತಲ್ಲ."

"ನಿಮ್ ಮುಂದೆ, ಅಷ್ಟು ಜನದ್ ಮುಂದೆ, ನನ್ನೆಂಡ್ರು ಬಸುರಿ ಅಂತ ಯಾವ್ ಗಂಡ್ಸು ಏಳಾನು? ಆ ಸಿದ್ದರಾಜು ಬಲ್ಲ. ಅವರ ಬೀದಿಯವನೇ. ಗೊತ್ತಿದ್ದೇ ದೀಪ ಅಂದವ್ನೆ."

ಯೋಚಿಸಿದೆ. ಬಸುರಿಯ ಗಂಡ ಅನ್ನುವುದು ಹಿಂಜರಿಕೆಗೆ ಕಾರಣ. ಕದ್ದಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ. ಬಿಡಿಸಿದವನನ್ನು ವಾರದೊಳಗೆ ಕರೆದರೆ ಊರು ನಗುತ್ತದೆ. ಎಂಜಿನ್ ಬಿಚ್ಚಲಿ, ಆಮೇಲೆ ನೋಡೋಣ.

೧ ಮಾರ್ಚ್, ಬುಧವಾರ. ಮದ್ದೂರಿನಿಂದ ಬಂದು

ಗೌಸ್ ಪೀರ್ ಬಿಚ್ಚಿದ. ತಳದಿಂದ ಕಂದು ಅಂಟನ್ನು ಬೆರಳಲ್ಲಿ ಕೆರೆದು ನನ್ನ ಮೂಗಿನ ಹತ್ತಿರ ಹಿಡಿದ.

"ಎಂಜಿನ್ ಏನ್ ಬಾಣಂತಿನಾ ಅಮ್ಮಾ, ಹರಳೆಣ್ಣೆ ಕುಡಿಸೋಕೆ? ಯಾವ್ ಕಮ್‌ಬಖ್ತ್ ಹಾಕಿದ್ದು? ಆಯಿಲ್ ಜೊತೆ ಇದು ಸೇರಲ್ಲ. ಕಾದು ಕಾದು ಗೋಂದಾಗಿ ದಾರಿ ಮುಚ್ಚಿದೆ. ಬೇರಿಂಗ್ ಎಲ್ಲಾ ಕರಗಿ ಖಲಾಸ್."

ಅಲ್ಲೇ ನಿಂತಿದ್ದೆ. ಶನಿವಾರದ ಎಣ್ಣೆನೀರು. ಅಮ್ಮನ ಅಂಗೈ. ಅಂದೇ, ಗ್ಯಾರೇಜಿನಲ್ಲೇ, ಮೂಗಿಗೆ ಬಂದಿತ್ತು... ಗುಡಿಯಲ್ಲಿ ಕಣ್ಣಿಗೆ ಬಿದ್ದದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದೆ.

ಬಸ್ಸಿಳಿದು ನೇರ ಸಿದ್ದರಾಜುವಿನ ಹತ್ತಿರ. ಹರಳೆಣ್ಣೆ ಅಂದೆ. ಅವನ ಮುಖದಲ್ಲಿ ಗೆರೆ ಕೂಡ ಕದಲಲಿಲ್ಲ.

"ಆಣೆ ಆಗೋಯ್ತಲ್ಲ ಅಮ್ಮಾವ್ರೇ. ಒಬ್ಬನೇ ಮಗ ನಂಗೆ, ಅವನ್ ಮೇಲೆ ಆರಿಸಿವ್ನಿ. ಬೇಕಾರೆ ನೀವೂ ಬಂದು ಆರ್ಸಿ." ನಿಂತು, ಬೀಡಿ ಹಚ್ಚಿ, "ನಿಮಗೇನು ಬುಡಿ. ಆರೋಕೆ ನಿಮ್ಮನೇಲಿ ದೀಪಾನೇ ಇಲ್ಲ" ಅಂದ. ಹಿಂದೆ ಕೆಲಸದವರು ನಕ್ಕರು.

ಹುಚ್ಚೀರಯ್ಯನವರ ಮನೆಗೂ ಹೋದೆ. ತಾಳ್ಮೆಯಿಂದ ಕೇಳಿದರು. "ಸಾಬ್ರ ಬೆರಳು ನೋಡಿ ಮಾರಿ ತೀರ್ಪು ತಿರುಗಿಸಾಕಾಯ್ತದಾ ತಾಯಿ? ಒಂದಮಾಸೆ ಕಳೀತು. ಇನ್ನೆರಡವೆ. ಸುಳ್ಳಾಗಿದ್ರೆ ಅವ್ಳೇ ತೋರಿಸ್ತಾಳೆ. ಇಲ್ಲಾ, ಸಿದ್ದರಾಜುನೇ ತನ್ ಬಾಯಲ್ಲಿ ನನ್ ಮುಂದೆ ಒಪ್ಪಬೇಕು."

ಚಿಕ್ಕಬೋರಯ್ಯನನ್ನು ಕರೆದುಕೊಂಡು ಬಾ ಎಂದು ಮುದ್ದಮ್ಮನನ್ನು ಕಳಿಸಿದೆ. ಬೇಗ ಬಂದಳು. ಅವನಿಲ್ಲ. ದೀಪಕ್ಕೆ ಹಿಂಜರಿದವನ ಕೈಗೆ ಸ್ಟೀರಿಂಗ್ ಕೊಡುವವರು ಮಂಡ್ಯದಲ್ಲಿ ಯಾರೂ ಸಿಗಲಿಲ್ಲವಂತೆ. ಮಿಲಿಟರಿ ಲಾರಿಗೆ ಡ್ರೈವರಾಗಿ ಸೇರಿ ರೈಲು ಹತ್ತಿದ್ದಾನೆ. ಬರ್ಮಾ ಕಡೆ ಅನ್ನುತ್ತಾರೆ.

೧೯ ಮಾರ್ಚ್, ಭಾನುವಾರ

ದೇವಿರಮ್ಮ ಹೆತ್ತಿದ್ದಾಳೆ. ಗಂಡು. ಸಕ್ಕರೆ, ಒಂದು ಸೀರೆ, ಮಗುವಿಗೆ ಬಟ್ಟೆ ಹಿಡಿದು ಹೋದೆ. ಕತ್ತಲ ಕೋಣೆ, ಸಾಂಬ್ರಾಣಿ. ಕೂರಿ ಅನ್ನಲಿಲ್ಲ.

"ದೀಪ ಆರಿಸದಿದ್ಕೇ ಇವನು ಉಟ್ಟವ್ನೆ ಕಣವ್ವ. ಆರಿಸಿದ್ರೆ ಕೆಲ್ಸ ಇರ್ತಿತ್ತು, ಇವನು ಇರ್ತಿರ್ಲಿಲ್ಲ. ಅಷ್ಟೇಯ." ಮಗುವನ್ನು ಎದೆಗೆ ತಿರುಗಿಸಿಕೊಂಡಳು. "ಎಸ್ರು ಕರೆಯಾಕೆ ಒಬ್ರೂ ಬರಕಿಲ್ಲ ಅಂದವ್ರೆ. ಕಳ್ಳನ ಮಗ ಅಂತಾರೆ. ಆ ಸಿದ್ದರಾಜು ಮನೇಲಿ ಒಂದ್ ಸೀನೂ ಬಂದಿಲ್ವಲ್ಲ."

ಹೊರಡುವಾಗ ನನ್ನ ಚೀಲದ ಕಡೆ ನೋಡಿದಳು.

"ಕೋಟು ತಂದಿರೇನೋ ಅಂದ್ಕಂಡೆ."

೧೩ ಏಪ್ರಿಲ್, ಗುರುವಾರ

ಕಾರು ಬಂತು. ಗೌಸ್ ಪೀರ್ ಕಳಿಸಿದವನು ಬಾಗಿಲಲ್ಲಿ ನಿಲ್ಲಿಸಿ ಹೋದ. ಎಂಜಿನ್ ಬೆಕ್ಕಿನ ಹಾಗೆ ಗುರುಗುಡುತ್ತದೆ. ಕೂಪನ್ ಮೇಲೆ ಪೆಟ್ರೋಲ್ ತುಂಬಿಸಿದೆ. ಓಡಿಸುವವರಿಲ್ಲ.

ಸಂಜೆ ಮುದ್ದಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಬಂದಳು. ಸಿದ್ದರಾಜುವಿನ ಮಗನಿಗೆ ಜ್ವರ. ಟೈಫಾಯಿಡ್ ಅಂತೆ. "ಬಾವಿ ಕಟ್ಟೇಲೆಲ್ಲಾ ಅದೇ ಮಾತು. ಎಲ್ಡಮಾಸೆ ಸುಮ್ಕಿದ್ಲು. ಈಗ ಕೇಳ್ತಾವ್ಳೆ ಮಾರಿ."

ಮೂಢನಂಬಿಕೆ ಅಂದೆ. ನೀರಿನಿಂದ ಬರುವ ಕಾಯಿಲೆ ಅಂದೆ. ಆಮೇಲೆ ಪಂಚಾಂಗ ತೆಗೆದು ಅಮಾವಾಸ್ಯೆ ಯಾವತ್ತು ಎಂದು ನೋಡಿದೆ. ಇಪ್ಪತ್ತೆರಡು.

೧೭ ಏಪ್ರಿಲ್

ಜ್ವರ ಇಳಿದಿದೆಯಂತೆ. ಗಂಜಿ ಕುಡಿದನಂತೆ.

ನನಗೆ ಊಟ ಸೇರಲಿಲ್ಲ. ಯಾಕೆಂದು ಬರೆಯುವುದಿಲ್ಲ.

೧೮ ಏಪ್ರಿಲ್

ಮತ್ತೆ ಏರಿದೆ. ಪಲ್ಯ ಚೆನ್ನಾಗಿದೆ ಅಂದೆ. ಮುದ್ದಮ್ಮ ನನ್ನನ್ನೇ ನೋಡಿದಳು.

೨೧ ಏಪ್ರಿಲ್, ಶುಕ್ರವಾರ. ಸಂಜೆ

ನಾಳೆ ಅಮಾವಾಸ್ಯೆ.

ಸಿದ್ದರಾಜು ಬಂದಿದ್ದ. ಈಗಷ್ಟೇ. ಬರಿಗಾಲು, ಮೀಸೆಯೆಲ್ಲ ಬೆವರು. ಮಗುವಿಗೆ ಕರುಳಲ್ಲಿ ರಕ್ತ ಹೋಗುತ್ತಿದೆ. ಇಲ್ಲಿ ಆಗುವುದಿಲ್ಲ, ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ಯಿ ಅಂದಿದ್ದಾರೆ ಡಾಕ್ಟರು. ಸಂಜೆಯ ರೈಲು ಹೋಯಿತು. ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಬೆಳಿಗ್ಗೆಗೆ.

"ಪೆಟ್ರೋಲ್ ಇರೋ ಗಾಡಿ ಊರಲ್ಲಿ ನಿಮ್ದೊಂದೇ ಅಮ್ಮಾವ್ರೇ. ನಾನೇ ಓಡಿಸ್ಕಂಡು ಓಯ್ತೀನಿ. ಕೀ ಕೊಡಿ."

ಕೀ ಮೇಜಿನ ಮೇಲಿತ್ತು. ಅದರ ಮೇಲೆ ಕೈ ಇಟ್ಟೆ.

"ನನ್ನ ಎಂಜಿನ್ನಿಗೆ ಏನು ಹಾಕಿದೆ?"

"ಅಮ್ಮಾವ್ರೇ, ಮಗಾ..."

"ಏನು ಹಾಕಿದೆ?"

"ಅರಳೆಣ್ಣೆ. ಅರ್ಧಕ್ಕರ್ಧ. ಆಯಿಲ್ ಇರ್ಲಿಲ್ಲ, ಗಾಡಿಗಳು ಬತ್ತಾನೇ ಇದ್ವು. ನಿಮ್ ಚಿಕ್ಕಬೋರ ಏನೂ ಮಾಡ್ಲಿಲ್ಲ. ಏಳಿದೆನಲ್ಲ, ಕೊಡಿ."

"ನನಗೆ ಹೇಳಿದರೆ ಆಗಲಿಲ್ಲ. ಹುಚ್ಚೀರಯ್ಯನವರನ್ನು ಕರೆದುಕೊಂಡು ಬಾ. ಅವರ ಮುಂದೆ ಹೇಳು. ಆಮೇಲೆ ಕೀ."

"ಬಂದು ಏಳ್ತೀನಿ. ಮೈಸೂರಿಂದ ಬಂದ್ ಮೊದ್ಲು ಅದೇ. ಅವನ್ ತಲೆ ಮೇಲೆ ಕೈ ಇಕ್ಕಿ ಬೇಕಾರೂ—"

"ಅವನ ತಲೆಯ ಮೇಲೆ ಒಂದು ಸಲ ಆಣೆ ಇಟ್ಟಿದ್ದೀಯಲ್ಲ."

ಕಾಲು ಹಿಡಿಯಲು ಬಗ್ಗಿದ. ಹಿಂದೆ ಸರಿದೆ. ನನ್ನ ದನಿ ಚೆನ್ನಾಗಿತ್ತು. ಹಿಂದೆ ಪಾಠ ಮಾಡುತ್ತಿದ್ದಾಗ ತರಗತಿಯಲ್ಲಿ ಪದ್ಯ ಓದುತ್ತಿದ್ದ ದನಿ.

"ಓಡು. ಬೀಡಿ ಮುಗಿಯುವುದರೊಳಗೆ ಬಾ."

ಓಡಿದ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮಾಡಿದ್ದು ನ್ಯಾಯ. ದೇವಿರಮ್ಮನ ಮಗನಿಗೆ ಹೆಸರು ಕರೆಯಲು ಜನ ಬರುತ್ತಾರೆ. ಈ ಮಗುವೂ ಮೈಸೂರು ಸೇರುತ್ತದೆ. ಎರಡೂ ಆಗುತ್ತವೆ, ಸ್ವಲ್ಪ ತಡವಾಗಿ ಅಷ್ಟೇ. ಕಾರು ಬಾಗಿಲಲ್ಲೇ ಇದೆ. ಕಿಟಕಿಯಿಂದ ಕಾಣುತ್ತದೆ. ಮುದ್ದಮ್ಮ ಹೊಸಿಲಲ್ಲಿ ಕೂತವಳು ನನ್ನ ಕಡೆ ತಿರುಗುತ್ತಿಲ್ಲ.

ಹುಚ್ಚೀರಯ್ಯನವರು ನಿಧಾನ. ವಯಸ್ಸಾದವರು. ದೂರದಲ್ಲಿ ಕೋಲಿನ ಸದ್ದು... ಅವರೇ. ಸಿದ್ದರಾಜು ರಟ್ಟೆ ಹಿಡಿದು ಎಳೆದುಕೊಂಡೇ ಬರುತ್ತಿದ್ದಾನೆ, ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳುತ್ತಿದ್ದಾನೆ— "ಅರಳೆಣ್ಣೆ ನಾನೇ ಆಕಿದ್ದು, ನಾನೇ, ನಾನೇ."

ಮುದ್ದಮ್ಮ ಎದ್ದು ನಿಂತಳು. ಇನ್ನೊಂದು ಕಡೆಯಿಂದ ಸದ್ದು. ಅವನ ಬೀದಿಯಿಂದ. ಹೆಂಗಸರು ಒಟ್ಟಿಗೆ ಬಾಯಿ ಬಿಟ್ಟು ಅತ್ತ ಸದ್ದು.

ಅವನಿಗಿನ್ನೂ ಕೇಳಿಸಿಲ್ಲ. ಕೂಗಿ ಹೇಳುತ್ತಲೇ ಗೇಟು ತೆಗೆಯುತ್ತಿದ್ದಾನೆ. ಕೈ ಚಾಚಿದ್ದಾನೆ. ಕೀ ಇನ್ನೂ ನನ್ನ ಕೈಯಡಿಯಲ್ಲೇ—