ಆಗಲ್ಲ ಅಂದಿದ್ದು ಬೇರೆ

ನಿನ್ನ ಮನೆ, ಅಡುಗೆಮನೆ ಮೇಜು
ಬುಧವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಅಣ್ಣಾ,

ಇಲ್ಲ, ನೀನು ಅಂದ್ಕೊಂಡ ಹಾಗೆ ನಾನೇನೂ ನಿನ್ನ ಮಾನ ಕಳೆಯೋಕೆ ಹುಟ್ಟಿದೋನಲ್ಲ. ಕಳೆದಿದ್ದು ನಿನ್ನ ಬಾಯಿ. ಸೊಂಟ ನೋವು ಹೇಗಿದೆ? ಲಾರಿ ಸೀಟಿಗೆ ದಿಂಬು ಹಾಕ್ಕೋಬೇಕಂತೆ, ಅತ್ತಿಗೆ ಹೇಳ್ತಿದ್ದಾರೆ. ಸರಿ, ಕ್ಷೇಮ ಕೇಳಿದ್ದಾಯ್ತು. ಮುಖಾಮುಖಿ ಜಗಳ ಆಡೋಣ ಅಂತ ಒಂದು ಫ್ರಿಜ್ ಬಿಚ್ಚಿಟ್ಟು ಹಾಗೇ ಓಡಿ ಬಂದೆ. ನೋಡಿದ್ರೆ ನೀನು ಬೆಳಿಗ್ಗೇನೇ ಲೋಡ್ ಹಾಕ್ಕೊಂಡು ಹೊರಟಿದ್ದೀಯ. ನನ್ನ ಫೋನ್ ಅಂತೂ ಎತ್ತಲ್ಲ. ಅದಕ್ಕೇ ಬರೀತಿದ್ದೀನಿ, ಅತ್ತಿಗೆ ಫೋಟೋ ತೆಗೆದು ಕಳಿಸ್ತಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೋನ ಕೈ, ಒತ್ತಕ್ಷರ ತಪ್ಪಿದ್ರೆ ನಗಬೇಡ.

ಆವತ್ತು ನಿನ್ನ ಲಾರಿ ಪಕ್ಕ ನಿಂತು ನಾನು ಅಂದಿದ್ದು ಒಂದೇ ಮಾತು, "ಅಣ್ಣಾ, ನಂಗೆ ಅದು ಆಗಲ್ಲ." ನೀನು ಕೇಳಿಸ್ಕೊಂಡಿದ್ದು, ಕೈಲಾಗಲ್ಲ ಅಂತ. ನಂಗೆ ಸೀಮೆಎಣ್ಣೆ ವಾಸನೆ ಆಗಲ್ಲ. ನಿಂಗೂ ನಿನ್ನ ಲಾರಿ ಕ್ಲೀನರ್‌ಗೂ ಒಬ್ರಿಗೊಬ್ರಿಗೆ ಆಗಲ್ಲ. ಅದೆಲ್ಲ ಕೈಲಾಗದೇ ಇರೋದಾ? ನಾನಂದಿದ್ದು ಆ ಥರ ಆಗಲ್ಲ ಕಣೋ! ನನ್ನ ಹೆಂಡತಿ ಹತ್ರ ಬಂದು ಭುಜದ ಮೇಲೆ ಕೈ ಇಟ್ರೆ ಹೇಸಿಗೆ ಆಗುತ್ತೆ, ಎದ್ದು ಓಡಿಬಿಡೋಣ ಅನ್ಸುತ್ತೆ. ಪ್ರೀತಿ ಇಲ್ದೆ ಅಲ್ಲ. ಊಟಕ್ಕೆ ಕೂತ್ರೆ ಇಬ್ರೂ ನಕ್ಕು ನಕ್ಕು ನೆತ್ತಿಗೆ ಹತ್ತಿಸ್ಕೋತೀವಿ. ಮುಟ್ಟೋ ವಿಷಯ ಬಂದ್ರೆ ಮಾತ್ರ ನಾನು ಕಲ್ಲು.

ನೀನೋ, ಮಾತ್ರೆ ತಂದುಕೊಟ್ಟೆ. ನುಂಗಿದೆ. ಮೈ ಎದ್ದು ನಿಲ್ತು, ಒಳಗಿನ ಹೇಸಿಗೆ ಎರಡರಷ್ಟಾಯ್ತು. ಬಚ್ಚಲಿಗೆ ಓಡಿ ವಾಂತಿ ಮಾಡ್ಕೊಂಡೆ. ಅವಳು ಹೊರಗೆ ನಿಂತು ಎಲ್ಲಾ ಕೇಳಿಸ್ಕೊಂಡ್ಲು. ಮಾರನೇ ದಿನ ಸೋಪು ಬದಲಾಯಿಸಿದ್ಲು. ಆಮೇಲೆ ತಲೆಗೆ ಹಾಕೋ ಎಣ್ಣೆ. ತನ್ನ ಮೈ ವಾಸನೆಗೇ ಹೀಗಾಗಿದೆ ಅಂದ್ಕೊಂಡಿದ್ಲು, ಪಾಪದ್ದು.

ಹೋದ ತಿಂಗಳು ಇಬ್ರೂ ದೊಡ್ಡಾಸ್ಪತ್ರೆಗೆ ಹೋದ್ವಿ. ಡಾಕ್ಟರಮ್ಮ ಕೇಳಿದ್ರು, ಬೆಳಿಗ್ಗೆ ಎದ್ದಾಗ ಎಲ್ಲಾ ಸರಿ ಇರುತ್ತಾ ಅಂತ. ಇರುತ್ತೆ ಅಂದೆ. "ಫ್ರಿಜ್ ರಿಪೇರಿಯೋನು ನೀನು. ಮೋಟಾರ್ ಕೆಟ್ಟಿದ್ಯೋ, ಕರೆಂಟ್ ಬರ್ತಿಲ್ವೋ ಅಂತ ನೋಡ್ದೆ ಕೈ ಹಾಕ್ತೀಯೇನಪ್ಪಾ?" ಅಂದ್ರು. ಮೈ ಕೈಕೊಡೋದು ಒಂದು, ಮನಸ್ಸು ಹೇಸೋದು ಇನ್ನೊಂದು, ಆದ್ರೆ ಒಂದರ ಹಿಂದೆ ಇನ್ನೊಂದು ಬರುತ್ತಂತೆ. ಯಾವಾಗ ಶುರುವಾಯ್ತು ಅಂತ ಕೇಳಿದಾಗ ನಿನ್ನ ಫೋನ್ ನೆನಪಾಯ್ತು. ಮದುವೆ ಆದ ಹೊಸದ್ರಲ್ಲಿ ಗಾಬರಿಗೆ ಒಂದು ಸಲ ಸೋತೆ. ಯಾರಿಗಾದ್ರೂ ಆಗೋದೇ, ಅಲ್ಲಿಗೇ ಮುಗೀತಿತ್ತು. ನೀನು ಬಿಟ್ಯಾ? ದಿನಾ ಬೆಳಿಗ್ಗೆ ಮೀಟರ್ ನೋಡೋಕೆ ಬಂದೋನ ಥರ, "ಏನೋ, ಆಯ್ತಾ?" ನಂಗೆ ಭಯ ಹತ್ತಿಕೊಳ್ತು. ಭಯ ಇದ್ರೆ ಮೈ ಕೇಳುತ್ತಾ? ಸೋತೆ, ಮತ್ತೆ ಸೋತೆ. ಆಮೇಲೆ ಆ ಹಾಸಿಗೆ ನೋಡಿದ್ರೇನೇ ವಾಕರಿಕೆ.

ಸದ್ಯಕ್ಕೆ ಬೇರೆ ಏನೂ ಬೇಡ, ದಿನಾ ಹತ್ತು ನಿಮಿಷ ಕೈ ಹಿಡ್ಕೊಂಡು ಕೂತ್ಕೊಳ್ಳಿ ಅಂದಿದ್ದಾರೆ. ಕೂರ್ತೀವಿ. ನಿನ್ನೆ ಟೈಮ್ ನೋಡೋದೇ ಮರೆತಿದ್ವಿ ಕಣೋ. ಅಷ್ಟೊತ್ತಿಗೆ ಅವಳಪ್ಪನ ಫೋನು. ನಿಮ್ಮ ಅಳಿಯ ಗಂಡಸಲ್ಲ, ಮಗಳನ್ನ ಕರ್ಕೊಂಡು ಹೋಗಿ ಅಂತ ನೀನೇ ಅವರಿಗೆ ಅಂದ್ಯಂತೆ. ಆ ಹುಡುಗಿ ಜೀವನ ಹಾಳಾಗಬಾರದು ಅಂತ ಅಂದ್ಯಾ? ಅವಳನ್ನ ಒಂದು ಮಾತು ಕೇಳಿದ್ಯಾ?

ಮಕ್ಕಳಿಗೆ ಮುದ್ದು. ಅತ್ತಿಗೆಗೆ ಎದುರಲ್ಲೇ ಕೈ ಮುಗಿದಿದ್ದೀನಿ. ನಿಂಗೆ ಸದ್ಯಕ್ಕೆ ಏನೂ ಇಲ್ಲ.

ನಿನ್ನ ತಮ್ಮ

ಇನ್ನೊಂದು: ಅವಳಿಗೂ ಮೊದಲಿಂದ ಹತ್ರ ಸೇರಿದಾಗ ನೋವಾಗ್ತಿತ್ತಂತೆ. ಹೇಳೋಕೆ ಹೆದರಿ ಹಲ್ಲು ಕಚ್ಚಿಕೊಂಡಿದ್ಲು, ಡಾಕ್ಟರಮ್ಮನ ಮುಂದೆ ಬಾಯಿಬಿಟ್ಲು. ಇಬ್ರೂ ಒಟ್ಟಿಗೇ ಸರಿ ಮಾಡ್ಕೋತೀವಿ, ನಾನು ಎಲ್ಲೂ ಹೋಗಲ್ಲ ಅಂತಾಳೆ. ಆದ್ರೆ ಅವಳಪ್ಪ ನಾಳೆ ಬೆಳಿಗ್ಗೆ ಬಸ್ಸಿಗೆ ಬರ್ತಿದ್ದಾರೆ. ಅವಳ ಮಾತೂ ಕೇಳಲ್ಲ, ನಂದೂ ಕೇಳಲ್ಲ, ನಿಂದು ಕೇಳ್ತಾರೆ. ಲಾರಿ ಪಕ್ಕಕ್ಕೆ ಹಾಕಿ ಅವರಿಗೆ ಫೋನ್ ಮಾಡು. ನಾನು ತಪ್ಪು ತಿಳ್ಕೊಂಡೆ ಅನ್ನು, ಅಷ್ಟು ಸಾಕು. ಅನ್ನದೇ ಇದ್ರೆ ಇನ್ನು ಈ ಹೊಸ್ತಿಲು ತುಳಿಯಲ್ಲ. ಟೀ ಕುಡಿದು ಹೋಗು ಅಂತಿದ್ದಾರೆ ಅತ್ತಿಗೆ. ಕುಡಿಯಲ್ಲ, ಅವಳೊಬ್ಬಳೇ ಇದ್ದಾಳೆ. ಕಾಗದ ಅವರ ಕೈಗೆ ಕೊಟ್ಟು ಹೊರಟೆ. ನಿನ್ನ ಬಾಗಿಲು ದಢಾರ್ ಅಂತ ಬಡಿದೇ ಹೋಗೋದು, ಕೀಲು ಕಿತ್ತು ಬಂದ್ರೆ ಬರ್ಲಿ.