ಹಿತ್ತಿಲಿನ ಡೊಳ್ಳಪ್ಪ

೧೪ ನವೆಂಬರ್, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಪ್ಪ ಕರೆಯುತ್ತಿದ್ದ ಹೆಸರಿನಿಂದಲೇ ಶುರುಮಾಡಿದ್ದೇನೆ, ಬೇಸರಪಟ್ಟುಕೊಳ್ಳಬೇಡ. ದಾಖಲೆಯಲ್ಲಿರುವ ನಿನ್ನ ಹೆಸರು ಬರೆದು ನೋಡಿದೆ. ಬಿಲ್ಲು ಕಟ್ಟಿಲ್ಲವೆಂದು ವಿದ್ಯುತ್ ಕಚೇರಿಯವರು ಕಳಿಸುವ ನೋಟಿಸಿನ ಹಾಗೆ ಕಂಡಿತು. ಹರಿದುಹಾಕಿದೆ.

ನಿನ್ನ ಸಂದೇಶ ಓದಿದೆ. ಹೊಸ ಮನೆಯ ಹಿಂದೆ ಕಲ್ಲು ಹಾಸಿದ ಪುಟ್ಟ ಅಂಗಳವಿದೆ, ಅಪ್ಪನ ಹತ್ತಿರ ಇದ್ದಂಥ ಮಣ್ಣಿನ ಅಗ್ಗಿಷ್ಟಿಕೆಯನ್ನು ಅಲ್ಲಿ ಇಡಬೇಕೆಂದಿದ್ದೇವೆ, ಹಳೆಯದೇ ಇದ್ದರೆ ಒಯ್ಯಬಹುದೇ, ಇಲ್ಲವಾದರೆ ಎಂಥದ್ದು ಕೊಳ್ಳಬೇಕು ಎಂದು ಕೇಳಿದ್ದೀಯ. ಅಪ್ಪ ಹೋದ ಮೇಲೆ ನೀನು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಫೋನಿನಲ್ಲೇ ಎರಡು ಸಾಲು ಒತ್ತಿ ಕಳಿಸಬಹುದಿತ್ತು. ಈ ವಿಷಯ ಎರಡು ಸಾಲಿಗೆ ಹಿಡಿಸುವಂಥದ್ದಲ್ಲ.

ಹಳೆಯದನ್ನು ಒಯ್ಯುವಂತಿಲ್ಲ. ಅವತ್ತು ಅದರ ಕುತ್ತಿಗೆಯ ಹತ್ತಿರ ನೀನು ನೋಡಿದ ಬಿರುಕು ಆಮೇಲೆ ಹೊಟ್ಟೆಯ ತನಕ ಇಳಿದಿದೆ. ಅದರಲ್ಲಿ ಇನ್ನು ಬೆಂಕಿ ಹಾಕಿದರೆ ಕೆಂಡ ಸಮೇತ ಕಾಲ ಮೇಲೆ ಕುಸಿದೀತು. ಹೊಸದನ್ನೇ ಕೊಳ್ಳಿ. ಹೇಗೆ ಆರಿಸಬೇಕೆಂದು ಹೇಳಬೇಕಾದರೆ ಅಪ್ಪ ಹೇಗೆ ಆರಿಸಿದರು ಎಂಬುದನ್ನೇ ಹೇಳಬೇಕು, ನನಗೆ ಬೇರೆ ದಾರಿ ತಿಳಿಯದು. ಅದನ್ನು ಅವರು ಯಾಕೆ ತಂದರು ಎಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ಅಪ್ಪನದೂ ನನ್ನದೂ ಮದುವೆಯಾದ ವಾರ ನೀನು ಬೀದಿಯಲ್ಲೇ ನಿಂತು, ಅಮ್ಮ ಇದ್ದ ಮನೆ ಇದು, ಇನ್ನು ಈ ಹೊಸ್ತಿಲು ತುಳಿಯಲ್ಲ ಎಂದು ಹೇಳಿ ಹೋದೆ. ಆ ಮಾತಿಗೆ ನಾನು ನಿನ್ನನ್ನು ಬೈದುಕೊಂಡಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಎರಡು ಮಾತು ಜಾಸ್ತಿಯೇ ಆಡುತ್ತಿದ್ದೆನೇನೋ. ಅವತ್ತಿನಿಂದ ನೀವಿಬ್ಬರೂ ನಿನ್ನ ಔಷಧಿ ಅಂಗಡಿಯ ಎದುರಿನ ಹೋಟೆಲಿನಲ್ಲಿ ಭೇಟಿಯಾಗುತ್ತಿದ್ದಿರಿ. ಅಲ್ಲಿಂದ ಬಂದ ದಿನ ಅಪ್ಪ ನೇರವಾಗಿ ತಮ್ಮ ಮೋಟಾರು ರಿಪೇರಿಯ ಕೋಣೆಗೆ ಹೋಗಿ ಯಾವುದೋ ಸುಟ್ಟ ಮೋಟಾರು ಬಿಚ್ಚುತ್ತಾ ಕೂರುತ್ತಿದ್ದರು. ಏನಾಯಿತೆಂದು ಕೇಳಿದರೆ, "ಏನಿಲ್ಲ, ಆ ಹೋಟೆಲಿನವನು ಟೇಬಲ್ ಒರೆಸ್ತಾ ಒರೆಸ್ತಾ ನಮ್ಮನ್ನೂ ಒರೆಸಿಬಿಟ್ಟ" ಎನ್ನುತ್ತಿದ್ದರು.

ಹೀಗೇ ಒಂದು ದಿನ ತಾಮ್ರದ ತಂತಿ ಸುತ್ತುತ್ತಿದ್ದವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಹೊಸ್ತಿಲು ತುಳಿಯಲ್ಲ ಅಂದ್ಲೇ ಹೊರತು ಹಿತ್ತಿಲ ಗೇಟಿನ ವಿಷಯ ಏನೂ ಹೇಳಿಲ್ಲ, ಅಲ್ವಾ?"

"ಹಿತ್ತಿಲಲ್ಲಿ ಕೂರಿಸ್ತೀರಾ? ಈ ಚಳೀಲಿ?"

"ಅದಕ್ಕೆ ಬೆಂಕಿ ಬೇಕು."

ತೋಟದ ಸಾಮಾನು ಮಾರುವ ಅಂಗಡಿಗೆ ಇಬ್ಬರೂ ಹೋದೆವು. ಹೊಟ್ಟೆ ಉಬ್ಬಿದ, ಮೇಲೆ ಕೊಳವೆ ಇದ್ದ ಮಣ್ಣಿನ ಅಗ್ಗಿಷ್ಟಿಕೆಯೊಂದನ್ನು ತೋರಿಸಿ ಅಂಗಡಿಯವನು ಅದಕ್ಕೆ ಚಿಮಿನಿಯಾ ಎಂದ. ಅಪ್ಪ ಒಂದು ಸಲ ಹೇಳಿ ನೋಡಿ, ನಾಲಿಗೆ ಹೊರಳದೆ, ಅಲ್ಲೇ ಡೊಳ್ಳಪ್ಪ ಎಂದು ಹೆಸರಿಟ್ಟರು. ನನ್ನ ಕಣ್ಣು ಇದ್ದದ್ದು ಬೆಂಕಿ ಹಾಕುವ ಕಬ್ಬಿಣದ ಅಗಲ ಬೋಗುಣಿಯ ಮೇಲೆ. ಕಬ್ಬಿಣ ಬೀಳಲಿ, ನೆನೆಯಲಿ, ಏನೂ ಆಗುವುದಿಲ್ಲ. ಸೋಫಾ, ಪರದೆ ಹೊಲಿಯುವವಳು ನಾನು, ಯಾವ ವಸ್ತು ನೋಡಿದರೂ ಎಷ್ಟು ವರ್ಷ ಬಾಳುತ್ತದೆ ಎಂಬುದೇ ನನಗೆ ಮೊದಲು ಹೊಳೆಯುವುದು. ಅಂಗಡಿಯವನೂ ನನ್ನ ಪರವಾಗಿಯೇ ಮಾತಾಡಿದ. ಅಪ್ಪ ಒಪ್ಪಲಿಲ್ಲ.

"ಬೋಗುಣೀಲಿ ಹೊಗೆ ನಾಲ್ಕೂ ಕಡೆ ತಿರುಗುತ್ತೆ. ಪುಟ್ಟಿಗೆ ಚಿಕ್ಕಂದಿನಿಂದ ಉಬ್ಬಸ. ಇದಕ್ಕಾದ್ರೆ ಕೊಳವೆ ಇದೆ, ಹೊಗೆ ಮೇಲಕ್ಕೆ ಹೋಗುತ್ತೆ. ಇನ್ನೊಂದು ವಿಷಯ ಇದೆ. ಬೋಗುಣಿ ಸುತ್ತ ಕೂತರೆ ಒಬ್ಬರ ಮುಖ ಒಬ್ಬರು ನೋಡಬೇಕು. ಡೊಳ್ಳಪ್ಪನಿಗೆ ಒಂದೇ ಬಾಯಿ. ಎಲ್ಲಾರೂ ಒಂದೇ ಕಡೆ ತಿರುಗಿ ಕೂರಬೇಕು. ಮುಖ ನೋಡದೇ ಇದ್ರೆ ಮಾತು ಸಲೀಸು."

ಅಂಗಡಿಯವನು ನಕ್ಕ. ನನಗೆ ನಗು ಬರಲಿಲ್ಲ. ಇಷ್ಟೆಲ್ಲ ಲೆಕ್ಕಾಚಾರ ಹಾಕಿ ಮಗಳಿಗೆ ಕುರ್ಚಿ ಹಾಕಬೇಕಾದ ಸ್ಥಿತಿ ನನ್ನಿಂದ ಬಂತಲ್ಲ ಎಂದುಕೊಂಡೆ.

ಆಮೇಲೆ ಅವರು ಸಾಲಾಗಿ ಇಟ್ಟಿದ್ದ ಮಣ್ಣಿನವನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದರು. ನೀವೂ ಹಾಗೇ ಮಾಡಿ. ಗಂಟೆಯ ಹಾಗೆ ಸ್ವಲ್ಪ ಹೊತ್ತು ಗುನುಗಿದರೆ ಒಳ್ಳೆಯದು, ಮೊದ್ದಾಗಿ ಕೇಳಿಸಿದರೆ ಎಲ್ಲೋ ಸೀಳಿದೆ ಎಂದರ್ಥ. ಗೋಡೆ ಎಲ್ಲ ಕಡೆ ಒಂದೇ ದಪ್ಪ ಇದೆಯೇ ಎಂದು ಬಾಯಿಯೊಳಗೆ ಕೈ ಹಾಕಿ ಸವರಿ ನೋಡಿ. ಜೊತೆಗೆ ಬರುವ ಮೂರುಕಾಲಿನ ಕಬ್ಬಿಣದ ಸ್ಟ್ಯಾಂಡು ಅಲುಗಾಡಬಾರದು. ದೊಡ್ಡದರ ಆಸೆಗೆ ಬೀಳಬೇಡಿ, ದೊಡ್ಡ ಹೊಟ್ಟೆ ಕಂಡರೆ ದೊಡ್ಡ ಬೆಂಕಿ ಹಾಕುವ ಮನಸ್ಸಾಗುತ್ತದೆ. ಇದಕ್ಕೆ ಬೇಕಾದ್ದು ಸಣ್ಣ ಬೆಂಕಿ.

ಮನೆಗೆ ತಂದಕೂಡಲೇ ಉರಿಸುವ ಹಾಗಿಲ್ಲ. ತಳಕ್ಕೆ ಬಾಯಿಯ ಅಂಚಿಗಿಂತ ಸ್ವಲ್ಪ ಕೆಳಗಿನ ತನಕ ಮರಳು ತುಂಬಬೇಕು, ಕೆಂಡ ನೇರವಾಗಿ ಮಣ್ಣಿಗೆ ತಗಲಬಾರದು. ಮೊದಲ ಕೆಲವು ಸಲ ಕಾಗದ, ಕಡ್ಡಿ, ಅಷ್ಟೇ. ಪ್ರತಿ ಸಲ ತಾನಾಗಿ ಪೂರ್ತಿ ಆರಬೇಕು. ಅಪ್ಪ ದಿನಾ ಸಂಜೆ ಮುಷ್ಟಿಯಷ್ಟು ಬೆಂಕಿ ಮಾಡಿ, ಮಗುವಿಗೆ ಜ್ವರ ನೋಡುವವರ ಹಾಗೆ ಅದರ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಿದ್ದರು. "ಅವಸರ ಮಾಡಿದ್ರೆ ಒಡೆಯುತ್ತೆ ಕಣೇ" ಎನ್ನುತ್ತಿದ್ದರು. ಡೊಳ್ಳಪ್ಪ ಹದಕ್ಕೆ ಬಂದ ಮೇಲೆಯೇ ನಿನಗೆ ಫೋನು ಮಾಡಿದ್ದು.

ನೀನು ಹಿತ್ತಿಲ ಗೇಟು ತೆರೆದು ಬಂದೆ. ನಾನು ಅಡುಗೆಮನೆಯಲ್ಲೇ ಉಳಿದೆ. ಕಿಟಕಿಯಿಂದ ಚಹಾ ಕೊಟ್ಟರೆ ನೀನು ಬಟ್ಟಲು ಮಾತ್ರ ನೋಡಿ ತೆಗೆದುಕೊಂಡೆ. ಅಷ್ಟು ಸಾಕಾಗಿತ್ತು. ಒಳಗಿನಿಂದ ನನಗೆ ಕಾಣುತ್ತಿದ್ದದ್ದು ನಿಮ್ಮಿಬ್ಬರ ಬೆನ್ನು. ಇಬ್ಬರೂ ಎಡಭುಜ ಸ್ವಲ್ಪ ಇಳಿಸಿ ಕೂರುತ್ತೀರಿ ಎಂದು ನನಗೆ ಗೊತ್ತಾದದ್ದು ಆಗಲೇ. ಅಪ್ಪ ಪ್ರತಿ ಸಲ ನನ್ನನ್ನು ಕರೆದರು. ಪಾತ್ರೆ ಇದೆ, ಹೊಲಿಗೆ ಇದೆ, ಕಾಲು ನೋವು ಎಂದು ನಾನು ಪ್ರತಿ ಸಲ ಏನಾದರೂ ಹೇಳಿದೆ. ನಿಮಗೆ ಸಿಕ್ಕ ಒಂದಿಷ್ಟು ಹೊತ್ತಿನಲ್ಲಿ ಪಾಲು ಕೇಳಬಾರದು ಎಂದುಕೊಂಡಿದ್ದೆ. ಈಗ ಆ ಸಂಜೆಗಳನ್ನು ಒಂದೊಂದಾಗಿ ಎಣಿಸುತ್ತೇನೆ. ಎಷ್ಟು ಬೆಂಕಿ ನನ್ನ ಕಣ್ಣೆದುರೇ ಉರಿದು ಆರಿಹೋಯಿತು.

ನೀನಾಗಿ ಕರೆದ ದಿನ ಒಂದು ಬಂತು. ಬಟ್ಟಲು ವಾಪಸು ಕೊಡಲು ಕಿಟಕಿಗೆ ಬಂದವಳು, "ಒಳಗೆ ನಿಂತು ಯಾಕೆ ನಡುಗ್ತೀರಿ, ಬನ್ನಿ" ಎಂದೆ. ನಾನು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಬಂದುಬಿಟ್ಟೆ. ಕೆಮ್ಮಿನ ಔಷಧಿಯನ್ನು ತಲೆಗೆ ಹಚ್ಚಿಕೊಂಡು, ಕೂದಲು ಅಂಟುತ್ತದೆ ಎಂದು ಜಗಳಕ್ಕೆ ಬಂದ ಗಿರಾಕಿಯ ಕಥೆಯನ್ನು ನೀನು ಅವತ್ತು ಹೇಳಿದೆ. ಅಪ್ಪ ಕೆಮ್ಮು ಬರುವಷ್ಟು ನಕ್ಕರು. ನಾನು ಬೆಂಕಿ ನೋಡುತ್ತಾ ನಕ್ಕೆ. ಅವರು ಹೇಳಿದ್ದು ನಿಜ, ಮುಖ ನೋಡದಿದ್ದರೆ ಸಲೀಸು. ಹೋಗುವಾಗ ನೀನು ಗೇಟಿನ ಹತ್ತಿರ ನಿಂತು, ಮುಂದಿನ ವಾರ ಒಬ್ಬರನ್ನು ಕರೆದುಕೊಂಡು ಬರುತ್ತೇನೆ ಎಂದು ಹೇಳಿದೆ. ನೀನು ಹಿತ್ತಿಲ ಲೇನು ದಾಟಿದ್ದೇ ತಡ, ಅಪ್ಪ ಅಂಗಳದ ತುಂಬ ಓಡಾಡಿದರು. "ಅಳಿಯನ್ನ ಹಿತ್ತಿಲಲ್ಲಿ ಕೂರಿಸೋದಾ? ಅವನು ಏನಂದ್ಕೋತಾನೆ? ಅವನ ನೆಪದಲ್ಲಾದ್ರೂ ಇವಳು ಒಳಗೆ ಬರ್ತಾಳೆ ನೋಡು."

ನೀವಿಬ್ಬರೂ ಬರಬೇಕಿದ್ದ ಸಂಜೆ ಮೋಡ ಕವಿದಿತ್ತು. ನಾನು ನೋಡಿದ್ದೆ. ಬೇಡ, ಇವತ್ತು ಹಚ್ಚಬೇಡಿ ಎನ್ನುವ ಮಾತು ಬಾಯಿಗೂ ಬಂದಿತ್ತು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅದಕ್ಕೆ ಮಸಿ ತಾಗದ ಹಾಗೆ ನನ್ನ ಹೊಲಿಗೆಯ ಏಪ್ರನ್ ಕಟ್ಟಿಕೊಂಡು ಸೌದೆ ಜೋಡಿಸುತ್ತಿದ್ದರು. ಅಂಥ ಮುಖ ನೋಡಿ ಬೇಡ ಎನ್ನಲು ನನಗಾಗಲಿಲ್ಲ. ಖುಷಿಯಲ್ಲಿ ತಾವೇ ಹೇಳುತ್ತಿದ್ದದ್ದನ್ನು ಮರೆತು ದೊಡ್ಡ ಬೆಂಕಿ ಹಾಕಿದರು. ಮಳೆ ಒಮ್ಮೆಗೇ ಸುರಿಯಿತು. ಕಾದ ಮಣ್ಣಿನ ಮೇಲೆ ತಣ್ಣೀರು ಬಿದ್ದರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೋಡೆಗೆ ಒರಗಿಸಿದ್ದ ತಗಡು ಎತ್ತಿಕೊಂಡು ಓಡಿದರು. ನಾನು ಬಾಗಿಲಿನಿಂದ ಕೂಗಿದೆ. ಡೊಳ್ಳಪ್ಪ ಸೀಳಿದ ಸದ್ದೂ ಅವರು ಜಾರಿ ಬಿದ್ದ ಸದ್ದೂ ಒಟ್ಟಿಗೇ ಕೇಳಿದವು. ತಲೆ ಕಲ್ಲಿಗೆ ಬಡಿದಿತ್ತು. ನೀವಿಬ್ಬರೂ ಗೇಟು ತೆರೆದಾಗ ನಾನು ಅವರ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಹಿತ್ತಿಲ ಲೇನಿನ ತಿರುವಿನಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ, ಮನೆಯೊಳಗಿಂದಲೇ ಒಯ್ಯಬೇಕು ಎಂದು ಆಂಬುಲೆನ್ಸಿನವರು ಹೇಳಿದರು. ಮೊದಲ ಭೇಟಿಯಲ್ಲೇ ಪಾಪ ಆ ಹುಡುಗ ಮಾವನ ಕಾಲ ಕಡೆ ಹಿಡಿದು ಎತ್ತಬೇಕಾಯಿತು. ನೀನು ಅಪ್ಪನ ಕೈ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ಹಿಂಬಾಗಿಲು, ಅಡುಗೆಮನೆ, ನಡುಮನೆ, ಮುಂಬಾಗಿಲು. ಒದ್ದೆ ಚಪ್ಪಲಿಯಲ್ಲೇ. ಯಾವ ಹೊಸ್ತಿಲು ದಾಟಿದೆ ಎನ್ನುವ ಪರಿವೆಯೂ ನಿನಗಿರಲಿಲ್ಲ. ನಡುಮನೆಯ ಹಸಿರು ಪರದೆಗಳು ನಿನ್ನ ಅಮ್ಮ ಆರಿಸಿದವು. ಊರವರಿಗೆಲ್ಲ ಪರದೆ ಹೊಲಿದುಕೊಟ್ಟರೂ ಅವನ್ನು ನಾನು ಬದಲಾಯಿಸಿಲ್ಲ, ಅಂಚು ಪಿಸಿದಲ್ಲಿ ಹೊಲಿದಿದ್ದೇನೆ ಅಷ್ಟೇ. ಅವತ್ತು ನೀನು ನೋಡಿರಲಾರೆ. ನೀನು ಒಳಗೆ ಬರುವುದನ್ನು ಇಷ್ಟು ವರ್ಷ ಕಾದವರು ಕಣ್ಣು ಮುಚ್ಚಿ ಮಲಗಿದ್ದರು, ಮಳೆ ಬೀಳದಿರಲೆಂದು ಮುಖದ ಮೇಲೆ ಯಾರೋ ಟವೆಲು ಹೊದಿಸಿದ್ದರು. ನನಗೆ ಅದನ್ನು ನುಂಗಲಾಗುತ್ತಿಲ್ಲ ಪುಟ್ಟಿ. ಸಾವಿಗಿಂತ ಅದೇ ಹೆಚ್ಚು ಚುಚ್ಚುತ್ತದೆ.

ಆಮೇಲಿನದು ನಿನಗೂ ಗೊತ್ತು. ಆಪರೇಷನ್ ಆಯಿತು, ಎಚ್ಚರವಿಲ್ಲದೆ ಮಲಗಿದ್ದವರು ಹಾಗೆಯೇ ಹೋದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಾವಿಬ್ಬರೂ ಒಂದೇ ಗೋಡೆ ನೋಡುತ್ತಾ ಕೂತಿದ್ದೆವು, ಆದರೂ ಒಂದು ಮಾತೂ ಹೊರಡಲಿಲ್ಲ.

ಹೇಳುವುದು ಮರೆತೆ. ಡೊಳ್ಳಪ್ಪನನ್ನು ಗೋಡೆಯಿಂದ ದೂರ ಇಡಿ, ಮೇಲೆ ಸೂರು, ಬಟ್ಟೆಯ ಹಗ್ಗ ಏನೂ ಇರಬಾರದು. ಒಣಗಿದ ಸಣ್ಣ ಸೌದೆ ಮಾತ್ರ ಹಾಕಿ, ಬಣ್ಣ ಬಳಿದ ಮರ ನಿನ್ನ ಎದೆಗೆ ಆಗಿಬರುವುದಿಲ್ಲ. ನೀರು ಹಾಕಿ ಆರಿಸಬೇಡಿ. ಮೋಡ ಇದ್ದರೆ ಹಚ್ಚಬೇಡಿ, ಹಚ್ಚಿದ ಮೇಲೆ ಮಳೆ ಬಂದರೆ ಒಡೆದು ಹೋಗಲಿ ಬಿಡಿ, ಅದನ್ನು ಉಳಿಸಲು ಯಾರೂ ಓಡಬೇಡಿ. ಆ ಹುಡುಗನಿಗೂ ಒತ್ತಿ ಹೇಳು. ಅಳತೆ ಕಳಿಸಿದರೆ ಮಳೆಗೆ ಮುಚ್ಚಲು ದಪ್ಪ ಕ್ಯಾನ್ವಾಸಿನ ಹೊದಿಕೆ ಹೊಲಿದು ಅಂಚೆಯಲ್ಲಿ ಕಳಿಸುತ್ತೇನೆ. ಪೂರ್ತಿ ತಣ್ಣಗಾದ ಮೇಲೆಯೇ ಹೊದಿಸಬೇಕು.

ನಿನ್ನ ಉಬ್ಬಸ ಈ ಚಳಿಗೆ ಹೇಗಿದೆ? ಬರೆಯದಿದ್ದರೂ ಪರವಾಗಿಲ್ಲ, ಔಷಧಿ ಬಿಡಬೇಡ.

ಇಂತಿ,
ಕಿಟಕಿಯಿಂದ ನಿನಗೆ ಚಹಾ ಕೊಡುತ್ತಿದ್ದವಳು

ಲಕೋಟೆ ಅಂಟಿಸಿದ್ದೆ, ಬಿಡಿಸಿ ಇದನ್ನು ಸೇರಿಸುತ್ತಿದ್ದೇನೆ: ಅಪ್ಪನಿಗೆ ಕೊನೆಯ ತನಕ ಎಚ್ಚರ ಬರಲಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ನೀನು ಕೆಳಗೆ ಔಷಧಿ ತರಲು ಹೋಗಿದ್ದಾಗ ಒಂದು ಗಳಿಗೆ ಕಣ್ಣು ಬಿಟ್ಟಿದ್ದರು. ಆ ಗಳಿಗೆ ನಿನಗೆ ತಪ್ಪಿತೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. "ಪುಟ್ಟಿ ಬಂದ್ಲಾ?" ಎಂದರು. ಬಂದಳು, ಮನೆಯೊಳಗೇ ಬಂದಳು ಎಂದೆ. "ಎಲ್ಲಿ ಕೂತಳು?" ಎಂದರು. ನೀನು ಎಲ್ಲೂ ಕೂತಿರಲಿಲ್ಲ. ಊಟದ ಮೇಜಿನ ಹತ್ತಿರ, ನಿಮ್ಮ ಪಕ್ಕದ ಕುರ್ಚಿಯಲ್ಲಿ, ತುಂಬ ಹೊತ್ತು ಕೂತಿದ್ದಳು ಎಂದೆ. ಅವರು ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿದರು. ನೀನು ಯಾವತ್ತಾದರೂ ಒಂದು ದಿನ ಬಂದು ಆ ಕುರ್ಚಿಯಲ್ಲಿ ಕೂತರೆ, ನಾನು ಅವರಿಗೆ ಹೇಳಿದ್ದು ಸುಳ್ಳಾಗಿ ಉಳಿಯುವುದಿಲ್ಲ.