ಕಿವಿ ಪರೀಕ್ಷೆ ನಡೆದ ದಿನ

ಅಕ್ಕಾ,

ನೀನು ತೀರಿಕೊಂಡು ಆರು ವರ್ಷವಾಯಿತು. ಇದನ್ನು ನೀನು ಓದುವುದಿಲ್ಲ, ಆದರೂ ಬೇರೆ ಯಾರಿಗೆ ಬರೆಯಲಿ?

ನಿನ್ನ ಕಿವಿ ಮಂದವಾಗಿ ಪಿಟೀಲು ಕೆಳಗಿಟ್ಟ ಮೇಲೆ, ಕಷ್ಟದಲ್ಲಿರುವ ಸಂಗೀತಗಾರರಿಗೆಂದು ನೀನು ಕಟ್ಟಿದ ಸಂಘವನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಇವತ್ತು ಅಲ್ಲಿ ವಾದಕರ ಕಿವಿ ಪರೀಕ್ಷೆ ನಡೆಯಿತು. ಎಲ್ಲರದೂ ಮುಗಿದ ಮೇಲೆ ಡಾಕ್ಟರು, "ನೀವೂ ಹಾಡೋರಲ್ವಾ, ಕೂತ್ಕೊಳ್ಳಿ. ಶಬ್ದ ಕೇಳಿದಾಗ ಗುಂಡಿ ಒತ್ತಿ" ಎಂದರು.

ಪರೀಕ್ಷೆಯ ಪುಟ್ಟ ಕೋಣೆಯಲ್ಲಿ ಕೂತು, ಗಾಜಿನಾಚೆ ಅವರ ಕೈ ಅಲುಗಿದಾಗಲೆಲ್ಲ ಒತ್ತಿದೆ. ಅವರು ಬಾಗಿಲು ತೆಗೆದು ಮೆಲ್ಲನೆ, "ಶಬ್ದ ಇನ್ನೂ ಹಾಕೇ ಇಲ್ಲಮ್ಮ" ಎಂದರು.

ಮನೆಗೆ ಬಂದು ಒಂದು ಹಾಡು ಹೇಳಿ, "ಶ್ರುತಿ ಸರಿ ಇತ್ತೇನೇ?" ಎಂದು ಮಗಳನ್ನು ಕೇಳಿದೆ. ಅವಳು ನನ್ನ ಮುಖ ನೋಡದೆ, "ಹೂಂ ಅಮ್ಮ, ಚೆನ್ನಾಗಿತ್ತು" ಎಂದಳು.

ಕಛೇರಿಯಲ್ಲಿ ನುಡಿಸಿ ಬಂದು ನೀನು ಕೇಳಿದಾಗಲೆಲ್ಲ ನಾನೂ ಹಾಗೇ ಹೇಳುತ್ತಿದ್ದೆ.